ಚೋಮನಾದವರೇ ವೆಂಕಯ್ಯನೂ ಆದರು

ಎಂ.ವಿ. ವಾಸುದೇವರಾವ್ ಅಂದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ‘ಚೋಮನ ದುಡಿ’ಯ ಚೋಮ ಅಂದರೆ ಥಟ್ಟನೆ ಗೊತ್ತಾಗುತ್ತೆ. ಪೋಷಕ ನಟರ ಹಣೆಬರಹವೇ ಇಷ್ಟು. ನಾಯಕನಿಗೆ ಅಭಿಮಾನಿ ಸಂಘ, ಕಟೌಟು, ಹಾಲಿನ ಅಭಿಷೇಕ; ಇವರಿಗೆ ಪಾತ್ರದ ಹೆಸರಷ್ಟೇ ಕೂಲಿ. ಆದರೆ ನಾವಿಲ್ಲಿ ಒಬ್ಬ ನಟರಿಗೆ ಹಾರ ಹಾಕಲು ಕೂತಿಲ್ಲ. ಎರಡು ವರ್ಷಗಳ ಅಂತರದಲ್ಲಿ ಅವರ ಒಂದೇ ಮೈ ನೆಲವಿಲ್ಲದ ಇಬ್ಬರು ಮುದುಕರನ್ನು ಹೊತ್ತಿತು. ಒಬ್ಬ ಕನ್ನಡದ ಚೋಮ, ಇನ್ನೊಬ್ಬ ತೆಲುಗಿನ ವೆಂಕಯ್ಯ. ಕನ್ನಡ ಜನ ಚೋಮನನ್ನೇ ಯಾಕೆ ನೆನಪಿಟ್ಟುಕೊಂಡರು? ಇದು ನಮ್ಮ ಪ್ರಶ್ನೆ.

ವೃತ್ತಿರಂಗಭೂಮಿಯಲ್ಲಿ ಪಳಗಿದ ವಾಸುದೇವರಾಯರಿಗೆ ಚೋಮ ಸಿಕ್ಕಿದ್ದು ಐವತ್ತು ದಾಟಿದ ಮೇಲೆ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಪರದೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೆ ಅವರು ಯೋಗ್ಯರು, ಇದರಲ್ಲಿ ತಕರಾರಿಲ್ಲ. ಕಂಪನಿ ನಾಟಕದ ದೊಡ್ಡ ದನಿಯನ್ನು ಕೆಳಗಿಟ್ಟು ಅವರು ಚೋಮನ ಮೈಯೊಳಗೆ ಇಳಿದರು. ಒಡೆಯ ಸಂಕಪ್ಪಯ್ಯನ ಮುಂದೆ ಬಾಯಿ ಬಾರದ ಚೋಮ, ತನ್ನ ಗುಡಿಸಲಲ್ಲಿ ದುಡಿ ಹಿಡಿದರೆ ಬೇರೆಯೇ ಮನುಷ್ಯ. ಅವನ ಸಿಟ್ಟು, ಸಂಕಟ, ಆಸೆ ಎಲ್ಲ ಬೆರಳಲ್ಲಿ ಬರುತ್ತೆ.

ಆದರೆ ಆ ಸಿಟ್ಟು ಎಲ್ಲಿಗೆ ಹೋಗುತ್ತೆ, ನೋಡಿ. ಚೋಮನಿಗೆ ಬೇಕಾದದ್ದು ಒಂದು ತುಂಡು ನೆಲ. ಹೊಲೆಯ ಬೇಸಾಯ ಮಾಡಬಾರದು ಅನ್ನುತ್ತೆ ಸಂಪ್ರದಾಯ. ಕಾಡಲ್ಲಿ ಸಿಕ್ಕಿದ ಎತ್ತುಗಳನ್ನು ಸಾಕಿಕೊಂಡು ಕಾದ ಅವನು, ಕೊನೆಗೆ ಅವನ್ನು ಕಾಡಿಗೇ ಬಿಟ್ಟು, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ದುಡಿ ಬಡೀತಾ ಸಾಯ್ತಾನೆ. ಸಂಕಪ್ಪಯ್ಯನ ಒಂದು ಕೂದಲೂ ಕೊಂಕಲ್ಲ. ಊರಿನ ಪ್ರೇಕ್ಷಕ ಕಣ್ಣೊರೆಸಿಕೊಂಡು ಹಗುರಾಗಿ ಮನೆಗೆ ಹೋಗಬಹುದು.

ಚಿತ್ರ ಬಂದ ಕಾಲವನ್ನೂ ಮರೆಯಬಾರದು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚಿ 1ರಿಂದ ಜಾರಿಯಲ್ಲಿತ್ತು. ಉಳುವವನೇ ನೆಲದೊಡೆಯ ಅಂತ ಎಲ್ಲೆಲ್ಲೂ ಕೂಗು. ಗೇಣಿದಾರರು ಅರ್ಜಿ ಹಾಕಿದರು, ಎಷ್ಟೋ ಜನ ಒಡೆಯರಾದರು. ಅದು ದೊಡ್ಡ ಕೆಲಸವೇ. ಆದರೆ ಚೋಮ ಗೇಣಿದಾರನಲ್ಲ, ಜೀತದ ಆಳು. ಗೇಣಿಯೇ ಇಲ್ಲದವನು ನ್ಯಾಯಮಂಡಳಿಯ ಮುಂದೆ ಏನು ತೋರಿಸಬೇಕು? ಜೀತ ರದ್ದು ಮಾಡುವ ಕಾನೂನು 1976ರಲ್ಲಿ ಬಂತು. ಅದು ಹಗ್ಗ ಬಿಚ್ಚಿತು, ನೆಲ ಕೊಡಲಿಲ್ಲ. 2020ರ ತಿದ್ದುಪಡಿಯಂತೂ ಬೇಸಾಯಗಾರರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ಬಾಗಿಲು ತೆರೆಯಿತು. ಚೋಮ ಕೇಳಿದ ನೆಲ ದುಡ್ಡಿದ್ದವನಿಗೆ ಹತ್ತಿರವಾಯಿತು.

ಈಗ ವೆಂಕಯ್ಯನ ಕಡೆ ಬನ್ನಿ. ಪ್ರೇಮಚಂದರ ‘ಕಫನ್’ ಕತೆಯನ್ನು ಮೃಣಾಲ್ ಸೇನ್ 1977ರಲ್ಲಿ ‘ಒಕ ಊರಿ ಕಥ’ ಅಂತ ತೆಲುಗಲ್ಲಿ ಮಾಡಿದರು. ಅದರ ವೆಂಕಯ್ಯ ನಮ್ಮ ಇದೇ ವಾಸುದೇವರಾಯರು. ವೆಂಕಯ್ಯ ದುಡಿಯಲ್ಲ. ದುಡಿದಷ್ಟೂ ಜಮೀನುದಾರನ ಹೊಟ್ಟೆ ಬೆಳೆಯುತ್ತೆ, ತನ್ನದು ಹಾಗೇ ಇರುತ್ತೆ ಅನ್ನೋದು ಅವನ ಲೆಕ್ಕ. ಮಗನಿಗೂ ಅದೇ ಪಾಠ. ಮೂಲ ಕತೆಯಲ್ಲಿ ಅಪ್ಪ, ಮಗ ಚಮ್ಮಾರರು; ಅವರನ್ನು ಮೈಗಳ್ಳರಾಗಿ, ಕರುಣೆಯಿಲ್ಲದವರಾಗಿ ತೋರಿಸಿದ್ದಕ್ಕೆ ಹಿಂದಿಯ ದಲಿತ ಲೇಖಕರು ಪ್ರೇಮಚಂದರನ್ನು ಪ್ರಶ್ನಿಸಿದ್ದಾರೆ. ಆ ಪ್ರಶ್ನೆ ಸರಿಯಾದದ್ದೇ. ಆದರೆ ಚಿತ್ರದಲ್ಲಿ ಆ ಸೋಮಾರಿತನಕ್ಕೆ ಬೇರೊಂದು ಅರ್ಥ ಹುಟ್ಟುತ್ತೆ. ಚೋಮನಲ್ಲಿ ಬೇಡಿಕೊಂಡ ಅದೇ ಮೈ ಇಲ್ಲಿ ‘ಆಗಲ್ಲ’ ಅನ್ನುತ್ತೆ. ಬೇಡುವವನನ್ನು ಕಂಡರೆ ಒಡೆಯನಿಗೆ ಕನಿಕರ ಬರಬಹುದು. ದುಡಿಯಲ್ಲ ಅನ್ನುವವನನ್ನು ಕಂಡರೆ ಭಯ ಬರುತ್ತೆ.

ಹಾಗಂತ ವೆಂಕಯ್ಯನನ್ನು ನಾವು ತಲೆಮೇಲೆ ಹೊರಲಾರೆವು. ಅವನ ನಿರಾಕರಣೆಗೆ ಬೆಲೆ ತೆತ್ತವಳು ಸೊಸೆ ನೀಲಮ್ಮ. ಗಂಡಸರು ಕೂತು ತಿನ್ನುವಾಗ ದುಡಿದು, ಹೆರಿಗೆಯ ನೋವಲ್ಲಿ ಸಾಯುವವಳು ಅವಳು. ಚೋಮನ ಮನೆಯಲ್ಲೂ ಅದೇ. ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋದ ಬೆಳ್ಳಿಯ ಮೈಯಿಂದಲೇ ತೋಟದ ಒಡೆಯ ಸಾಲ ವಸೂಲಿ ಮಾಡ್ತಾನೆ. ಚೋಮನಿಗೆ ದುಡಿಯಾದರೂ ಇತ್ತು, ಬೆಳ್ಳಿಗೆ ಏನಿತ್ತು? ಒಂಟಿ ಗಂಡಸಿನ ಗೋಳಾಗಲಿ, ಒಂಟಿ ಗಂಡಸಿನ ಹಟವಾಗಲಿ ಬಂಡಾಯ ಆಗಲ್ಲ ಅನ್ನೋದನ್ನ ಈ ಇಬ್ಬರು ಹೆಣ್ಣುಮಕ್ಕಳು ಹೇಳ್ತಾರೆ.

ಇನ್ನು ನಟರ ಮಾತು. ರಾಷ್ಟ್ರಪ್ರಶಸ್ತಿ ಪಡೆದ ಮೇಲೂ ವಾಸುದೇವರಾಯರು ಹೆಚ್ಚಾಗಿ ಸಣ್ಣ ಪಾತ್ರಗಳಲ್ಲೇ ಉಳಿದರು. ವೆಂಕಯ್ಯನಂಥ ಪಾತ್ರಕ್ಕೆ ಅವರು ತೆಲುಗಿಗೆ ಹೋಗಬೇಕಾಯಿತು. ಮಣಿರತ್ನಂ ಅವರ ತಮಿಳಿನ ‘ನಾಯಕನ್’ (1987) ಚಿತ್ರದಲ್ಲಿ ಅವರು ಧಾರಾವಿಯ ಹುಸೇನ್ ಭಾಯಿ. ಅಲ್ಲೂ ಪೊಲೀಸರ ಕೈಯಲ್ಲಿ ಸಾಯುವ ಬಡವ. ಬಡವರನ್ನು ಚೆನ್ನಾಗಿ ಸಾಯಿಸಲು ಬಲ್ಲ ಸಿನಿಮಾಕ್ಕೆ, ಬದುಕಿ ಎದುರು ನಿಲ್ಲುವ ಬಡವನನ್ನು ಬರೆಯಲು ಮಾತ್ರ ಕೈ ಬರಲ್ಲ. ಇದು ನಟರ ಸೋಲಲ್ಲ. ಕತೆ ಬರೆಯುವ, ಹಣ ಹಾಕುವ, ಪ್ರಶಸ್ತಿ ಕೊಡುವ ಜಾಗಗಳಲ್ಲಿ ಕೇರಿಯವರು ಎಷ್ಟು ಜನ ಇದ್ದರು ಅನ್ನೋದನ್ನ ಕೇಳಬೇಕು.

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲ್ಲಿನ ಗೆಳೆಯರಿಗೆ ನಾವು ಹೇಳೋದು ಇಷ್ಟೆ. ಎರಡೂ ಚಿತ್ರಗಳನ್ನು ಒಟ್ಟಿಗೆ ತೋರಿಸಿ. ಚೋಮನಿಗಾಗಿ ಅತ್ತ ಹುಡುಗರು ವೆಂಕಯ್ಯನ ಜೊತೆ ಜಗಳ ಆಡಲಿ, ಬೆಳ್ಳಿಯ ಕತೆಯನ್ನು ಹುಡುಗಿಯರು ತಾವೇ ಬರೆಯಲಿ. ದುಡಿಯ ಸದ್ದು ಗುಡಿಸಲಿನಿಂದ ಆಚೆ ಬಂದು ಒಡೆಯನ ಅಂಗಳದಲ್ಲಿ ಕೇಳುವ ಕತೆಯನ್ನು ಅವರೇ ಬರೆಯಬೇಕಾಗಿದೆ.