ವಿಜಯನಗರದ ರಂಗಸ್ಥಳಗಳು

ಹಂಪೆಯನ್ನು ನೋಡಲು ಬಂದವರು ಮಹಾನವಮಿ ದಿಬ್ಬವನ್ನೇರಿ, ಸುತ್ತಲೂ ದೃಷ್ಟಿ ಹಾಯಿಸಿ, ಅರಸರ ನಾಟ್ಯವಿನೋದಗಳೆಲ್ಲ ಇಲ್ಲಿಯೇ ನಡೆಯುತ್ತಿದ್ದುವೆಂದು ಹೇಳಿಕೊಂಡು ಇಳಿದುಹೋಗುವರು. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಒಂದು ಮಹಾನಗರದ ಕಲಾಜೀವನವನ್ನೆಲ್ಲ ಒಂದೇ ಜಗಲಿಯ ಮೇಲೆ ಕೂಡಿಸಿದರೆ ನಗರಕ್ಕೂ ಕಲೆಗೂ ಅನ್ಯಾಯವಾಗುವುದು.

ದಿಬ್ಬವು ದೂರದ ನೋಟಕ್ಕಾಗಿ ಕಟ್ಟಿದುದು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸನೂ ಬಣ್ಣಿಸಿರುವ ಉತ್ಸವದಲ್ಲಿ ಆನೆ, ನರ್ತಕಿಯರು, ಜನಸ್ತೋಮ ಎಲ್ಲವೂ ಉಂಟು. ಪಾಯಸನು ಮಲ್ಲಯುದ್ಧವನ್ನೂ ಬಾಣಬಿರುಸುಗಳನ್ನೂ ಹೇಳುತ್ತಾನೆ. ಅಷ್ಟು ಗದ್ದಲದ ನಡುವೆ ನರ್ತಕಿಯ ಹುಬ್ಬಿನ ಚಲನೆಯನ್ನು ಯಾರು ಕಂಡಾರು?

ಅದಕ್ಕೆ ಬೇರೆ ಸ್ಥಳಗಳಿದ್ದುವು. ಕೃಷ್ಣದೇವರಾಯನು 1510ರಲ್ಲಿ ವಿರೂಪಾಕ್ಷನ ಗುಡಿಗೆ ಸೇರಿಸಿದ ರಂಗಮಂಟಪದಲ್ಲಿ ನಿಂತು ನೋಡಬೇಕು. ಸಾಲುಗಂಬಗಳು ನಡುವಣ ತೆರಪನ್ನು ಬಿಗಿಯಾಗಿ ಹಿಡಿದಿವೆ. ನೋಡುವವನು ಆಡುವವಳಿಂದ ನಾಲ್ಕು ಮಾರು ದೂರವೂ ಇರಲಾರನು. ಆ ಅರಸನದೆಂದು ಹೇಳುವ 'ಜಾಂಬವತೀ ಕಲ್ಯಾಣ'ವು ಇದೇ ವಿರೂಪಾಕ್ಷನ ಚೈತ್ರೋತ್ಸವಕ್ಕೆ ನೆರೆದ ಸಭೆಯ ಮುಂದೆ ಆಡಲು ರಚಿತವಾದುದು.

ಆದರೆ ಇವೆರಡಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದಿರುವುದು ಪಾಯಸನು ಅರಮನೆಯೊಳಗೆ ಕಂಡ ಒಂದು ಶಾಲೆ. ಅಂತಃಪುರದ ಸ್ತ್ರೀಯರು ನೃತ್ಯವನ್ನು ಕಲಿಯುತ್ತಿದ್ದ, ಉದ್ದವಾಗಿದ್ದರೂ ಅಷ್ಟೇನೂ ಅಗಲವಲ್ಲದ ಮನೆಯದು. ಗೋಡೆಯ ಫಲಕಗಳಲ್ಲಿ ಒಂದೊಂದು ನೃತ್ಯವೂ ಮುಗಿಯುವ ಭಂಗಿಯನ್ನು ಕೆತ್ತಿದ್ದರಂತೆ. ಕಲಿಯುವವಳು ಮರೆತರೆ ತಲೆಯೆತ್ತಿ ನೋಡಿಕೊಳ್ಳಬೇಕು. ಒಂದು ಕೊನೆಯಲ್ಲಿ ಕೈಗಳಿಂದ ಹಿಡಿದುಕೊಂಡು ಮೈಕಾಲುಗಳನ್ನು ಸಡಿಲಿಸಿಕೊಳ್ಳುವ ಏರ್ಪಾಡೂ ಇತ್ತು. ಅರಸನು ಕುಳಿತು ನೋಡುವೆಡೆಯಲ್ಲಿ ಗೋಡೆಗೂ ನೆಲಕ್ಕೂ ಚಿನ್ನವೆಂದು ಪಾಯಸನು ಬೆರಗಾಗುತ್ತಾನೆ. ಚಿನ್ನವು ಹೋಗಲಿ, ಕಟ್ಟಿಸಿದವರಿಗೆ ನರ್ತಕಿಯ ಮರೆವೂ ಅವಳ ಮೊಳಕಾಲಿನ ನೋವೂ ಗೊತ್ತಿದ್ದುವಲ್ಲ!

ಇಂದಿನ ಹಂಪಿ ಉತ್ಸವದ ವೇದಿಕೆಗಳನ್ನು ಇದರೊಡನೆ ಹೋಲಿಸದೆ ಇರಲಾರೆನು. ಉತ್ಸವವು ಬೇಡವೆನ್ನುವವನು ನಾನಲ್ಲ. ಸ್ಮಾರಕಗಳೊಳಗೆ ಜನರನ್ನು ನುಗ್ಗಿಸಿ ಆಡಿಸಬೇಕೆಂಬುದೂ ನನ್ನ ಅಭಿಪ್ರಾಯವಲ್ಲ. ದೊಡ್ಡ ವೇದಿಕೆಯು ದಿಬ್ಬದ ವಂಶದ್ದು, ಮೆರವಣಿಗೆಗೂ ಸಮೂಹನೃತ್ಯಕ್ಕೂ ಅದು ಒಪ್ಪುವುದು. ಆದರೆ ಒಬ್ಬಳೇ ಕುಳಿತು ಪದವನ್ನಭಿನಯಿಸುವ ಕಲಾವಿದೆಯನ್ನೂ ಅಲ್ಲಿಯೇ ನಿಲ್ಲಿಸಿ, ಅವಳ ಮುಖವನ್ನು ಬದಿಯ ಪರದೆಯಲ್ಲಿ ತೋರಿಸುವುದು ಎಂತಹ ಉಪಾಯ? ಜನರು ಪರದೆಯನ್ನು ನೋಡುವರು. ಆಕೆ ಕತ್ತಲೆಗೆ ಅಭಿನಯಿಸುವಳು.

ನಮ್ಮ ಹಳ್ಳಿಗಳವರು ಈ ವಿಷಯದಲ್ಲಿ ಹೆಚ್ಚು ಬಲ್ಲವರು. ಕಂಪ್ಲಿಯ ಕಡೆಯ ಹಳ್ಳಿಯೊಂದರಲ್ಲಿ ಬಾಲ್ಯದಲ್ಲಿ ಕಂಡ ಬಯಲಾಟವು ನೆನಪಿಗೆ ಬರುತ್ತದೆ. ಕಂಬ ನೆಟ್ಟು, ಹಲಗೆ ಹಾಸಿ ಕಟ್ಟಿದ ಅಟ್ಟ, ಹಿಂದೆ ಹಿಮ್ಮೇಳ, ಮುಂದೆ ಕಂಬಳಿ ಹೊದ್ದ ಊರು. ವೇಷಧಾರಿಯು ಕುಣಿದರೆ ಹಲಗೆಯೇ ಇನ್ನೊಂದು ಮದ್ದಳೆಯಾಗುತ್ತಿತ್ತು. ಆ ಸದ್ದು ತಲಪುವಷ್ಟೇ ದೂರದಲ್ಲಿ ಜನ ಕುಳಿತಿದ್ದರು.

ತುಂಗಭದ್ರೆಯ ದಡದ ಪುರಂದರ ಮಂಟಪಕ್ಕಾದರೋ ವೇದಿಕೆಯೇ ಬೇಕಿಲ್ಲ. ಆರಾಧನೆಯ ದಿನ ಹಾಡುವವರೂ ಕೇಳುವವರೂ ಕಲ್ಲುನೆಲದ ಮೇಲೆಯೇ. ಹೊಳೆ ತುಂಬಿದಾಗ ಮಂಟಪವೇ ಮುಳುಗುವುದು, ಅದು ಬೇರೆ ಮಾತು.

2021ರಲ್ಲಿ ವಿಜಯನಗರವು ಪ್ರತ್ಯೇಕ ಜಿಲ್ಲೆಯಾಗಿ ಹೊಸಪೇಟೆಯು ಅದರ ಕೇಂದ್ರವಾಯಿತು. ಇನ್ನು ಮುಂದೆ ಇಲ್ಲಿ ರಂಗಮಂದಿರದ ಮಾತೆದ್ದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಎಷ್ಟು ಸಾವಿರ ಆಸನಗಳು ಎಂಬುದು. ನನಗಾದರೆ ಮುನ್ನೂರು ಜನರ ಒಂದು ಮಂದಿರ ಸಾಕು; ಅದರ ಹಿಂದೆ, ಹೊಸಪೇಟೆ ಸೊಂಡೂರುಗಳ ಹುಡುಗರು ವರ್ಷವಿಡೀ ಬಾಡಿಗೆಯಿಲ್ಲದೆ ಅಭ್ಯಾಸ ಮಾಡಬಹುದಾದ ಒಂದು ಉದ್ದನೆಯ ಕೋಣೆ, ಮರದ ನೆಲ, ಗೋಡೆಗೆ ಹಿಡಿದುಕೊಳ್ಳಲು ಒಂದು ಅಡ್ಡಪಟ್ಟಿ. ನಕ್ಷೆಯನ್ನು ಬರೆಯುವ ಮಹನೀಯರು ಪಾಯಸನ ಆ ಎರಡು ಪುಟಗಳನ್ನು ಒಮ್ಮೆ ಓದಿ ನೋಡಲಿ.