ಸಹಸ್ರ ಮಸ್ತಿಷ್ಕಗಳ ಸರಾಸರಿ

ಯಾವ ಕೆಲಸದಲ್ಲಿಯೂ ತೊಡಗದೆ ಎಂ.ಆರ್.ಐ. ಯಂತ್ರದೊಳಗೆ ಸುಮ್ಮನೆ ಮಲಗಿರುವ ಮನುಷ್ಯನ ಮೆದುಳಿನಲ್ಲಿ ರಕ್ತದ ಆಮ್ಲಜನಕ ಮಂದಗತಿಯಿಂದ ಏರಿಳಿಯುತ್ತಿರುವುದೆಂಬುದನ್ನೂ, ಎಡಗೈ ಬಲಗೈಗಳನ್ನು ಆಳುವ ದೂರದೂರದ ಪ್ರದೇಶಗಳಲ್ಲಿ ಆ ಏರಿಳಿತ ಏಕಲಯವನ್ನು ಹಿಡಿದಿರುವುದೆಂಬುದನ್ನೂ ಭರತ್ ಬಿಸ್ವಾಲ್ ಮತ್ತು ಅವರ ಸಂಗಡಿಗರು 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತೋರಿಸಿಕೊಟ್ಟರು. ಈ ವಿದ್ಯೆಯಿಂದ ಮುಂದೆ ಹುಟ್ಟಿದ ಕೃತಿಗಳಲ್ಲಿ ಥಾಮಸ್ ಯೋ, ರ‍್ಯಾಂಡಿ ಬಕ್ನರ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಮಸ್ತಿಷ್ಕದ ಹೊರಪದರದ ನಕ್ಷೆ ಅತ್ಯಂತ ಪ್ರಸಿದ್ಧವಾದುದು.

ಒಂದು ಸಾವಿರ ಮಂದಿ ಸ್ವಸ್ಥ ತರುಣರಲ್ಲಿ 500 ಜನರಿಂದ ನಕ್ಷೆಯನ್ನು ರಚಿಸಿ, ಉಳಿದ 500 ಜನರಲ್ಲಿ ಅದನ್ನು ಪರೀಕ್ಷಿಸಿ ನೋಡಿದ ಅವರ ಕ್ರಮನಿಷ್ಠೆ ಸ್ತುತ್ಯವಾದುದು. ಲಯಸಾಮ್ಯವೊಂದನ್ನೇ ಆಧಾರವಾಗಿಟ್ಟುಕೊಂಡು ಪ್ರದೇಶಗಳನ್ನು ಜಾಲಗಳಾಗಿ ಗುಂಪುಗೂಡಿಸಿದ ಗಣಿತಕ್ಕೆ ದೃಷ್ಟಿಯೆಂದರೇನು, ಚಲನೆಯೆಂದರೇನು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ದೃಷ್ಟಿಯ ಜಾಲ, ಚಲನೆಯ ಜಾಲ, ಮಾರ್ಕಸ್ ರೇಚಲ್ ಅವರು 2001ರಲ್ಲಿ ವಿಶ್ರಾಂತಿಯ ಸಹಜಸ್ಥಿತಿಯೆಂದು ಗುರುತಿಸಿದ್ದ ಪ್ರದೇಶಗಳ ಜಾಲ, ಇವೆಲ್ಲವೂ ತಾವಾಗಿಯೇ ಬೇರೆಬೇರೆಯಾಗಿ ಮೂಡಿದುವು. ಇದು ನಿಜವಾದ ಸಿದ್ಧಿ.

ಆದರೆ ಆ ನಕ್ಷೆಯ ಏಳು ಜಾಲಗಳ ವಿಭಾಗವನ್ನು ಹಿಡಿದು, ಮೆದುಳಿನಲ್ಲಿ ಏಳೇ ಜಾಲಗಳಿವೆಯೆಂದು ಈ ಕೃತಿಯ ಹೆಸರಿನಲ್ಲಿ ಹೇಳುವುದುಂಟಷ್ಟೆ, ಅದು ಕೃತಿಗೆ ಮಾಡಿದ ಅನ್ಯಾಯ. ಅದೇ ಕರ್ತೃಗಳು ಹದಿನೇಳು ಜಾಲಗಳ ವಿಭಾಗವನ್ನೂ ಅಷ್ಟೇ ಗೌರವದಿಂದ ಮುಂದಿಟ್ಟಿದ್ದಾರೆ. ಲಯಸಾಮ್ಯವನ್ನು ನರತಂತುವಿನ ನೇರ ಸಂಬಂಧವೆಂದು ಭಾವಿಸುವುದೂ ಸಲ್ಲದು, ಏಕೆಂದರೆ ಎರಡು ಪ್ರದೇಶಗಳು ಮೂರನೆಯದೊಂದರ ಮೂಲಕವೂ ಜೊತೆಗೂಡಬಲ್ಲುವು. ಇನ್ನೂ ಗಹನವಾದ ದೋಷವೊಂದನ್ನು ಸೇಂಟ್ ಲೂಯಿಸ್‌ನ ಜೊನಾಥನ್ ಪವರ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಬಯಲಿಗೆಳೆದರು: ತಲೆ ಮಿಲಿಮೀಟರಿನ ಅಲ್ಪಾಂಶ ಅಲುಗಿದರೂ ಸಮೀಪದ ಸಂಬಂಧಗಳು ಬಲವಾಗಿಯೂ ದೂರದವು ದುರ್ಬಲವಾಗಿಯೂ ತೋರುವುವು. ಮಕ್ಕಳು ಹೆಚ್ಚಾಗಿ ಅಲುಗುವರಾದ್ದರಿಂದ, ಮೆದುಳಿನ ಬೆಳವಣಿಗೆಯ ಬಗ್ಗೆ ತಮ್ಮ ತಂಡವೇ ಹಿಂದೆ ಹೇಳಿದ್ದುದನ್ನೂ ಅವರು ಶಂಕೆಗೆ ಒಳಪಡಿಸಬೇಕಾಯಿತು. ಅಂಥ ಪ್ರಾಮಾಣಿಕತೆ ಅಪೂರ್ವವೆಂದೇ ನನ್ನ ಎಣಿಕೆ.

ಎಲ್ಲಕ್ಕಿಂತ ಮಿಗಿಲಾಗಿ, ಸಾವಿರ ಮಂದಿಯ ಸರಾಸರಿಯ ಗಡಿಗಳು ಆ ಸಾವಿರದಲ್ಲಿ ಯಾರೊಬ್ಬರವೂ ಅಲ್ಲ. ಯಂತ್ರದ ಬಾಡಿಗೆ ಕಡಮೆಯಾಗುವ ನಡುರಾತ್ರಿಯಲ್ಲಿ ಹತ್ತೇ ಜನರನ್ನು ಮತ್ತೆಮತ್ತೆ ಮಲಗಿಸಿ, ಒಬ್ಬೊಬ್ಬರಿಂದ ಐದು ಗಂಟೆಗಳ ವಿಶ್ರಾಂತಿಯ ದತ್ತಾಂಶವನ್ನು ಸಂಗ್ರಹಿಸಿ 2017ರಲ್ಲಿ ಪ್ರಕಟಿಸಿದ ಸೇಂಟ್ ಲೂಯಿಸ್‌ನ ಅಧ್ಯಯನದಲ್ಲಿ, ಸರಾಸರಿಯಲ್ಲಿ ಅಳಿಸಿಹೋಗುವ ವ್ಯಕ್ತಿವಿಶೇಷಗಳು ಸ್ಪಷ್ಟವಾಗಿ ಕಾಣಿಸಿದುವು. ಹತ್ತು ನಿಮಿಷಗಳ ಚಿತ್ರಣದ ಮೇಲೆ ಯೋ ಅವರ ಗಡಿಗಳನ್ನು ಹೊದಿಸಿ ಒಬ್ಬ ರೋಗಿಯ ಜಾಲ ಕೆಟ್ಟಿದೆಯೆಂದು ನುಡಿಯುವವರು, ಕೆಟ್ಟಿರುವುದು ಜಾಲವೋ, ಅಲುಗಿದ್ದು ತಲೆಯೋ, ಆ ಗಡಿಯೇ ಆ ತಲೆಗೆ ಹೊಂದದೋ ಎಂಬುದನ್ನು ಮೊದಲು ತೋರಿಸಬೇಕು.