ಇನ್ನೊಂದು ಕೆಜಿಎಫ್

ಕೆಜಿಎಫ್ ಎಂದರೆ ನಮಗೆ ಕೋಲಾರದ ಚಿನ್ನದ ಗಣಿ, ಇತ್ತೀಚಿನವರಿಗೆ ಯಶ್ ಸಿನಿಮಾ. ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ 1989ರಲ್ಲಿ ಸಿಕ್ಕ ಕೆಜಿಎಫ್ ಬೇರೆ: ಕೆರಟಿನೊಸೈಟ್ ಗ್ರೋತ್ ಫ್ಯಾಕ್ಟರ್. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೆಫ್ರಿ ರೂಬಿನ್, ಸ್ಟುವರ್ಟ್ ಆರನ್‌ಸನ್ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿದ್ದು ಭ್ರೂಣದ ಶ್ವಾಸಕೋಶದ ಜೀವಕೋಶಗಳು ಬೆಳೆದ ದ್ರವದಿಂದ. ಹೆಸರು ಮಾತ್ರ ಚರ್ಮದ್ದು: ಕೆರಟಿನೊಸೈಟ್ ಎಂದರೆ ಚರ್ಮದ ಜೀವಕೋಶ.

ಶ್ವಾಸಕೋಶದ ಗಾಳಿಗೂಡಿನ ಗೋಡೆಯಲ್ಲಿ ಟೈಪ್-2 ಎಂಬ ಜೀವಕೋಶಗಳಿವೆ. ಗೂಡು ಮುದುಡದಂತೆ ಜಿಡ್ಡಿನ ಲೇಪ ಹಚ್ಚುವುದು, ಜಿನುಗಿದ ನೀರನ್ನು ಹೊರಹಾಕುವುದು, ಗೋಡೆ ಕಿತ್ತುಹೋದರೆ ತಾವೇ ಹೆಚ್ಚಿಕೊಂಡು ತೇಪೆ ಹಾಕುವುದು ಎಲ್ಲವೂ ಇವುಗಳದೇ ಕೆಲಸ. ನೆರೆಯ ಜೀವಕೋಶ ಸ್ರವಿಸಿದ ಕೆಜಿಎಫ್ ಇವುಗಳ ಮೈಮೇಲಿನ ಗ್ರಾಹಕಕ್ಕೆ ತಾಗಿದರೆ ಸಾಕು, ಕೆಲಸ ಚುರುಕಾಗುತ್ತದೆ. 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ವಾಸನಾಳಕ್ಕೆ ಕೆಜಿಎಫ್ ಬಿಟ್ಟ ಇಲಿಗಳು ಅತಿ ಆಮ್ಲಜನಕದ ಹೊಡೆತವನ್ನು ತಾಳಿಕೊಂಡವು.

ನನ್ನ ತಕರಾರು ಇಲ್ಲಿಂದಲೇ. ಇಲಿಗೆ ಮದ್ದು ಕೊಟ್ಟದ್ದು ಹೊಡೆತ ಬೀಳುವ ಮೊದಲು. ಐಸಿಯು ರೋಗಿ ಬರುವುದು ಹೊಡೆತ ಬಿದ್ದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಬೆಲ್‌ಫಾಸ್ಟ್‌ನ ವೈದ್ಯರು ಎಆರ್‌ಡಿಎಸ್ ಎಂಬ, ಶ್ವಾಸಕೋಶ ದಿಢೀರನೆ ಕೈಕೊಡುವ ಕಾಯಿಲೆ ಇದ್ದ 60 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು: 28 ದಿನಗಳೊಳಗೆ ಕೆಜಿಎಫ್ ಪಡೆದವರಲ್ಲಿ ಸತ್ತವರು 31%, ಪಡೆಯದವರಲ್ಲಿ 10%. ಸಣ್ಣ ಪರೀಕ್ಷೆ, ನಿಜ. ಆದರೂ ದಿಕ್ಕು ತಿರುಗುಮುರುಗು. ಇದೇ ಪ್ರೋಟೀನು ಪ್ಯಾಲಿಫರ್ಮಿನ್ ಎಂಬ ಹೆಸರಲ್ಲಿ ರಕ್ತ ಕ್ಯಾನ್ಸರ್ ರೋಗಿಗಳ ಬಾಯಿಹುಣ್ಣಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಲ್ಲಿ ಇಂಜೆಕ್ಷನ್ ಶುರುವಾಗುವುದು ಕೀಮೋಗೆ ಮೊದಲೇ!

ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗೈಡೊ ಬಳಗ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ವರ್ಷಗಟ್ಟಲೆ ಕುಡಿದವರ ಶ್ವಾಸಕೋಶ ಬೇಗ ಕೈಕೊಡುವುದೇಕೆ ಎಂದು ಹುಡುಕುತ್ತ, ಮದ್ಯ ಉಂಡ ಇಲಿಗಳಲ್ಲಿ ಜಿಎಂ-ಸಿಎಸ್‌ಎಫ್ ಎಂಬ ಇನ್ನೊಂದು ಸಂಕೇತವೇ ಮಂಕಾಗಿರುವುದನ್ನು ಅವರು ಕಂಡರು. ಮದ್ದಿಗಿಂತ ಮುಂಚೆ ಮೈಯ ಹಳೆಯ ಸ್ಥಿತಿ ಕೇಳುವ ಪ್ರಶ್ನೆ ಇದು.

ಎಆರ್‌ಡಿಎಸ್ ರೋಗಿಗಳನ್ನು ನಿಜಕ್ಕೂ ಉಳಿಸಿದ್ದು ಯಾವ ಪ್ರೋಟೀನೂ ಅಲ್ಲ. ಬೆಥೆಸ್ಡಾದ್ದೇ ಹೃದಯ-ಶ್ವಾಸಕೋಶ ಸಂಸ್ಥೆಯ ಹಣದಲ್ಲಿ, ಉತ್ತರ ಕ್ಯಾರೊಲಿನಾದ ಡ್ಯೂಕ್ ಸೇರಿದಂತೆ ಹಲವು ಆಸ್ಪತ್ರೆಗಳ 861 ರೋಗಿಗಳ ಪರೀಕ್ಷೆ 2000ರಲ್ಲಿ ಪ್ರಕಟವಾಯಿತು. ವೆಂಟಿಲೇಟರ್ ಒಮ್ಮೆಗೆ ತಳ್ಳುವ ಗಾಳಿಯನ್ನು ಕಿಲೋಗೆ 12 ಮಿಲಿಲೀಟರ್‌ನಿಂದ 6ಕ್ಕೆ ಇಳಿಸಿದ್ದಷ್ಟೇ, ಸಾವು 39.8%ರಿಂದ 31%ಕ್ಕೆ ಇಳಿಯಿತು. ಆ ಕಿಲೋ ಕೂಡ ತಕ್ಕಡಿ ತೋರಿಸುವುದಲ್ಲ, ರೋಗಿಯ ಎತ್ತರದಿಂದ ಲೆಕ್ಕ ಹಾಕಿದ್ದು. ಅದಕ್ಕೆ ಬೇಕಾದ ಸಲಕರಣೆ ಒಂದು ಅಳತೆ ಟೇಪು.